ನೀರು ನಿಂತ ಗುರುತು

ಜೂನ್ ೩, ಸೋಮವಾರ

ದಿನಾ ಒತ್ತಡ ಅಳೆದು ಪುಸ್ತಕದಲ್ಲಿ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದರು. ಎರಡು ಅಂಕಿ ಬರೆಯಲು ಇಷ್ಟು ದಪ್ಪ ಪುಸ್ತಕ ಬೇಕಿತ್ತೇ ಎಂದು ಮನೆಯಾಕೆ ಕೇಳಿದಳು. ನನ್ನಂಥವನ ರಕ್ತದ ವಿಷಯ ಎರಡು ಅಂಕಿಯಲ್ಲಿ ಮುಗಿಯುವುದಿಲ್ಲ ಎಂದೆ. ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೂ ಮೇಷ್ಟ್ರು ನನ್ನ ಸ್ಲೇಟನ್ನು ಎತ್ತಿ ಇಡೀ ತರಗತಿಗೆ ತೋರಿಸುತ್ತಿದ್ದರು. ಹೀಗೆ ಬರೆಯಬಾರದು ಎಂದು ತೋರಿಸುತ್ತಿದ್ದರು ಅನ್ನುತ್ತಾಳೆ ನಮ್ಮ ಅಕ್ಕ. ಅವಳ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ಪುಸ್ತಕ ನನ್ನದು.

ನನಗೆ ಬಿ.ಪಿ. ಇದೆ. ಆರು ವರ್ಷದಿಂದ ಬೆಳಗ್ಗೆ ಎರಡು ಮಾತ್ರೆ, ಒಂದು ಬಿಳಿ, ಒಂದು ಹಳದಿ. ನಾನಾದರೋ ಪಂಪು ರಿಪೇರಿ ಮಾಡುವವನು. ಊರಿನ ಅರ್ಧ ಮನೆಗಳ ಟ್ಯಾಂಕಿಗೆ ನೀರು ಹತ್ತುವುದೇ ನನ್ನ ಕೈಗುಣದಿಂದ. ಉಳಿದರ್ಧ ಮನೆಯವರಿಗೆ ನನ್ನ ಅಂಗಡಿ ಗೊತ್ತಿಲ್ಲ, ಪಾಪ. ಮೋಟಾರಿಗೆ ಕಿವಿ ಕೊಟ್ಟರೆ ಬೇರಿಂಗು ಎಷ್ಟು ಸವೆದಿದೆ ಎಂದು ಹೇಳುತ್ತೇನೆ. ಇಂಥವನ ಎದೆಯೊಳಗಿನ ಪಂಪಿಗೆ ಬೇರೆಯವರು ಮಾತ್ರೆ ಕೊಡುವುದೆಂದರೆ ಮರ್ಯಾದೆಯ ಪ್ರಶ್ನೆ.

ಇವತ್ತು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಡಾಕ್ಟರಮ್ಮ, ಹೊಟ್ಟೆಗೆ ಹಾಕಿದ ಮಾತ್ರೆಗೆ ರಕ್ತದ ದಾರಿ ಹೇಗೆ ಗೊತ್ತಾಗುತ್ತೆ?"

ಅವರು ನಕ್ಕರು. ಆಮೇಲೆ ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದರು. "ನಿಮ್ಮ ಪಂಪ್ ಚೆನ್ನಾಗೇ ಇದೆ ಯಜಮಾನ್ರೇ. ಪೈಪು ಬಿಗಿಯಾಗಿದೆ. ಮಾತ್ರೆ ಅದನ್ನ ಸಡಿಲ ಮಾಡುತ್ತೆ. ನೀವು ನಡೀರಿ, ಉಪ್ಪು ಕಮ್ಮಿ ಮಾಡಿ, ಸರಿಯಾಗಿ ನಿದ್ದೆ ಮಾಡಿ. ಮೂರು ತಿಂಗಳಾದ್ಮೇಲೆ ನೋಡೋಣ, ಮಾತ್ರೆ ಕಮ್ಮಿ ಮಾಡಬಹುದೇನೋ. ನೀವಾಗೇ ಮಾತ್ರ ಮುಟ್ಟಬೇಡಿ."

'ಕಮ್ಮಿ ಮಾಡಬಹುದು' ಎನ್ನುವುದನ್ನು ಮನೆಗೆ ತಂದೆ. 'ಏನೋ' ಎನ್ನುವುದನ್ನು ಆಸ್ಪತ್ರೆ ಬಾಗಿಲಲ್ಲೇ ಬಿಟ್ಟುಬಂದೆ.

ಬೇರೆ ತೊಂದರೆ ಏನಾದರೂ ಇದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಸಂಜೆಯಾದರೆ ಪಾದ ಊದಿ ಚಪ್ಪಲಿಯ ಪಟ್ಟಿ ಹೂತುಹೋಗುತ್ತದೆ. ಅದನ್ನು ಹೇಳಿದರೆ ಮೂರನೆಯ ಮಾತ್ರೆ ಬರೆದಾರು.

ಜೂನ್ ೬, ಗುರುವಾರ

ಅಳೆಯುವ ಯಂತ್ರ ತಂದೆ. ಬ್ಯಾಟರಿಯದ್ದಲ್ಲ, ಮುಳ್ಳು ಇರುವ ಗೇಜಿನದ್ದು. ಮುಳ್ಳಿಲ್ಲದ ಯಂತ್ರವನ್ನು ನಾನು ನಂಬುವುದಿಲ್ಲ. ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಉಂಡೆ ಹಿಸುಕಿ ಗಾಳಿ ತುಂಬಬೇಕು. ಮೊಣಕೈ ಒಳಗೆ ಕಿವಿಗೊಳವೆ ಇಟ್ಟು ಗಾಳಿಯನ್ನು ಮೆಲ್ಲಗೆ ಬಿಡಬೇಕು. ಮೊದಲು ಏನೂ ಕೇಳುವುದಿಲ್ಲ. ಆಮೇಲೆ ಟಕ್, ಟಕ್ ಎಂದು ಶುರುವಾಗುತ್ತದೆ. ನನ್ನದೇ ತೋಳೊಳಗೆ ಯಾರೋ ನಿಂತು ಬಾಗಿಲು ತಟ್ಟಿದ ಹಾಗೆ. ಆ ಮೊದಲ ಟಕ್ ಕೇಳಿದಾಗ ಮುಳ್ಳು ಎಲ್ಲಿದೆಯೋ ಅದೇ ಮೇಲಿನ ಒತ್ತಡ. ಮನುಷ್ಯನನ್ನು ಬಿಚ್ಚದೆಯೇ ಅವನೊಳಗಿನ ಒತ್ತಡ ಅಳೆಯುವ ಉಪಾಯ ಯಾರಿಗೆ ಹೊಳೆಯಿತೋ. ನನಗೆ ಹೊಳೆಯಬೇಕಿತ್ತು.

ಸಂಜೆ ಅಕ್ಕ ಬಂದಳು. ಪಕ್ಕದ ಬೀದಿಯಲ್ಲಿ ಅವಳ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಅವಳಿಗೂ ಬಿ.ಪಿ., ನನಗಿಂತ ಮೊದಲಿನಿಂದ. ಇಬ್ಬರ ಪೈಪೂ ಒಂದೇ ಕಾರ್ಖಾನೆಯದ್ದು ತಾನೇ. ಅವಳ ತೋಳಿಗೂ ಪಟ್ಟಿ ಸುತ್ತಿದೆ.

"ಲೋ, ನೋಯ್ತಿದೆ. ಸೈಕಲ್ಲಿಗೆ ಗಾಳಿ ಹಾಕ್ತಿದೀಯಾ?"

"ಮಾತಾಡ್ಬೇಡ ಅಕ್ಕ. ಮಾತಾಡಿದ್ರೆ ಏರುತ್ತೆ."

"ಹಾಗಾದ್ರೆ ನಿಂದು ಹುಟ್ಟಿದಾಗ್ಲಿಂದ ಏರೇ ಇರ್ಬೇಕು."

ಜೂನ್ ೧೨, ಬುಧವಾರ

ಸಂಶೋಧನೆ ಜೋರಾಗಿ ನಡೆದಿದೆ. ಕಾಲ ಮೇಲೆ ಕಾಲು ಹಾಕಿ ಕೂತರೆ ಏರುತ್ತದೆ. ಮೂತ್ರ ತಡೆದುಕೊಂಡರೆ ಏರುತ್ತದೆ. ಗಿರಾಕಿ ಹೊಗಳಿದರೆ ಇಳಿಯುತ್ತದೆ. ಮನೆಯಾಕೆ "ರೀ, ನಿಮ್ಮ ಹತ್ರ ಒಂದು ಮಾತು" ಎಂದರೆ ಆ ಮಾತು ಬರುವುದಕ್ಕೆ ಮೊದಲೇ ಏರಿರುತ್ತದೆ. ಬಾವಿಯಿಂದ ಮೋಟಾರನ್ನು ನಾನೊಬ್ಬನೇ ಎತ್ತಿದ ಕಥೆ ಹೇಳುತ್ತಾ ಅಳೆದೆ, ಏರಿತು. ಮೂವರು ಎತ್ತಿದೆವು ಎಂದು ತಿದ್ದಿ ಹೇಳುತ್ತಾ ಅಳೆದೆ, ತುಸು ಇಳಿಯಿತು. ನಿಜಕ್ಕೂ ಮೂವರೇ.

ನಡಿಗೆ ಬಿಟ್ಟಿಲ್ಲ. ಉಪ್ಪು ಕಡಿಮೆ ಮಾಡಿದ ಊಟ ಮೊದಲು ಕಾಗದ ಅಗಿದ ಹಾಗಿತ್ತು. ಈಗ ಈರುಳ್ಳಿಯಲ್ಲೂ ಸಿಹಿ ಇದೆ ಎಂದು ಗೊತ್ತಾಗಿದೆ. ಇಷ್ಟು ವರ್ಷ ಈರುಳ್ಳಿ ಈ ವಿಷಯ ಬಚ್ಚಿಟ್ಟಿತ್ತು.

ಇಷ್ಟೆಲ್ಲ ಮಾಡಿದರೂ ಮುಳ್ಳು ನಾನು ಎಣಿಸಿದಷ್ಟು ಇಳಿಯುತ್ತಿಲ್ಲ. ನನ್ನಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿರಬೇಕು?

ಜೂನ್ ೧೮, ಮಂಗಳವಾರ

ಸಿಕ್ಕಿತು. ಗೇಜಿನಲ್ಲಿ.

ಅಂಗಡಿಯ ಮೇಜಿನ ಮೇಲೆ ಪಂಪಿನ ನೀರಿನ ಒತ್ತಡ ಅಳೆಯುವ ನನ್ನ ದೊಡ್ಡ ಗೇಜು ಇದೆ, ಹಿತ್ತಾಳೆಯದ್ದು, ತಟ್ಟೆಯಷ್ಟು ಅಗಲ. ಬೇರೆ ಗೇಜುಗಳಿಗೆಲ್ಲ ಅದೇ ನ್ಯಾಯಾಧೀಶ. ಅದರಿಂದಾಗಿಯೇ ಗಿರಾಕಿಗಳು ನನ್ನನ್ನು ಗೇಜ್ ಮಾಮ ಅನ್ನುವುದು. ಒಂದೇ ಕೊಳವೆಗೆ ಎರಡನ್ನೂ ಜೋಡಿಸಿ ಗಾಳಿ ತುಂಬಿದೆ. ಸಣ್ಣದರ ಮುಳ್ಳು ಹಾರಿಕೊಂಡು ಮೇಲೆ ಹೋಯಿತು. ದೊಡ್ಡದರ ಮುಳ್ಳು ತಳದಲ್ಲೇ ಕೂದಲೆಳೆಯಷ್ಟು ಅಲ್ಲಾಡಿತು. ಎಷ್ಟು ಜಂಬ ನೋಡಿ ಈ ಸಣ್ಣದಕ್ಕೆ, ಇಲ್ಲದ್ದನ್ನು ದೊಡ್ಡದು ಮಾಡಿ ಹೇಳುತ್ತಿದೆ. ಗಾಜು ಬಿಚ್ಚಿ, ಮುಳ್ಳನ್ನು ಕಿತ್ತು, ಮೂರು ದಪ್ಪ ಗೆರೆ ಹಿಂದಕ್ಕೆ ಕೂರಿಸಿದೆ.

ಮನೆಯಾಕೆ ಕನ್ನಡಕ ಏರಿಸಿ ನೋಡಿದಳು. "ತೋಳಿಗೆ ಕಟ್ಟದೇ ಇರೋವಾಗ ಮುಳ್ಳು ಸೊನ್ನೆಗಿಂತ ಕೆಳಗೆ ನಿಂತಿದೆಯಲ್ರೀ?"

"ತಳದಲ್ಲಿ ಎಲ್ಲಾ ಗೇಜೂ ಸುಳ್ಳು ಹೇಳುತ್ವೆ. ಅದನ್ನ ನಾವು ಲೆಕ್ಕಕ್ಕೆ ತಗೊಳ್ಳೋದಿಲ್ಲ. ದುಡಿಯೋವಾಗ ಸರಿ ಇದ್ರಾಯ್ತು."

ಇದು ನಮ್ಮ ಕಸುಬಿನ ಮೊದಲ ಪಾಠ. ಅವಳಿಗೆ ಹೇಗೆ ತಿಳಿಯಬೇಕು.

ಜೂನ್ ೨೭, ಗುರುವಾರ

ಮುಳ್ಳು ಈಗ ಹೇಳಿದ ಮಾತು ಕೇಳುತ್ತಿದೆ. ಒಂದು ವಾರದಿಂದ ನನ್ನ ಒತ್ತಡ ಹದಿನೆಂಟರ ಹುಡುಗನದ್ದು. ಮೂರು ತಿಂಗಳ ಗಡುವು ನನಗೆ ಮೂರು ವಾರ ಸಾಕಾಯಿತು. ಹಳದಿ ಮಾತ್ರೆಯನ್ನು ನಿಲ್ಲಿಸಿದೆ. ಬಿಳಿಯದ್ದು ಸದ್ಯಕ್ಕೆ ಇರಲಿ, ಒಮ್ಮೆಗೇ ಇಬ್ಬರನ್ನೂ ಮನೆಗೆ ಕಳಿಸಿದರೆ ಬೇಜಾರು ಮಾಡಿಕೊಂಡಾರು.

ಅಕ್ಕನದ್ದೂ ಅಳೆದೆ. ಬಂಗಾರದಂಥ ಒತ್ತಡ.

"ನಿನ್ನ ಲೈನು ಸರಿಯಾಗಿದೆ ಅಕ್ಕ. ಇನ್ನೂ ಯಾಕೆ ನುಂಗ್ತಿದೀಯಾ ಅಷ್ಟು ಮಾತ್ರೆ?"

"ನಿಜವಾಗ್ಲೂ?"

"ಗೇಜು ಯಾರದು?"

ಅವಳು ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿ ಮಡಿಸಿದಳು. "ಆ ಮಾತ್ರೆ ತಗೊಂಡ್ರೆ ಬೆಳಗ್ಗೆಯೆಲ್ಲಾ ತಲೆ ತಿರುಗುತ್ತೆ ಕಣೋ, ಸೂಜಿಗೆ ದಾರ ಪೋಣಿಸೋಕೆ ಆಗಲ್ಲ. ನೀನು ಹೇಳಿದ್ಮೇಲೆ ಮುಗೀತು."

ಯಾರ ಮಾತನ್ನೂ ಸುಲಭಕ್ಕೆ ಒಪ್ಪದವಳು ಅಕ್ಕ. ನನ್ನ ಗೇಜಿಗೆ ಒಪ್ಪಿದಳು.

ಜುಲೈ ೯, ಮಂಗಳವಾರ

ಪಾದದ ಗಂಟು ಕಾಣಿಸುತ್ತಿದೆ. ನನಗೆ ಗಂಟಿದೆ ಎಂಬುದೇ ಮರೆತುಹೋಗಿತ್ತು. ಚಪ್ಪಲಿಯ ಪಟ್ಟಿ ಸಡಿಲವಾಗಿದೆ.

ಅಕ್ಕ ಒಂದು ಅಂಗಿಯ ಎಡ ತೋಳನ್ನು ಬಲಗಡೆಗೆ ಹೊಲಿದು ಕೂತಿದ್ದಳು. ಬೀದಿಯಲ್ಲೆಲ್ಲ ಹೇಳಿ ನಗಿಸಿದೆ. ಅವಳು ಮಾತ್ರ ನಗಲಿಲ್ಲ.

ಜುಲೈ ೧೬, ಮಂಗಳವಾರ

ನೆರೆಯವರು ಅಂಗಡಿಗೆ ಬಂದು ತೋಳು ಚಾಚುತ್ತಿದ್ದಾರೆ. ಪಂಪು ಹೊತ್ತು ತಂದವರೂ ಅದನ್ನು ಕೆಳಗಿಟ್ಟು ತೋಳು ಮಡಿಚುತ್ತಾರೆ. ಎಲ್ಲರದ್ದೂ ಚೆನ್ನಾಗಿದೆ. ಇಷ್ಟು ಆರೋಗ್ಯವಂತ ಬೀದಿಯನ್ನು ನಾನು ಕಂಡಿರಲಿಲ್ಲ. ಒಬ್ಬ ತೆಳ್ಳನೆಯವನದ್ದು ಅಳೆದರೆ ಮುಳ್ಳಿನ ಪ್ರಕಾರ ಅವನು ನಿಲ್ಲುವುದಕ್ಕೂ ಆಗಬಾರದು. ಅವನು ನಿಂತಿದ್ದ. ಮೋಟಾರು ಹೊತ್ತುಕೊಂಡು ಹೋದ. ಯಾಕೆ ಹೀಗೆ ಎಂದು ನೋಡಬೇಕು, ಪುರುಸೊತ್ತಾದಾಗ.

ಕಿಟಕಿಯ ಬೆಳಕು ಮಿಣುಕುತ್ತದೆ, ಹಿಂದಲೆ ಹಿಡಿಯುತ್ತದೆ ಅನ್ನುತ್ತಾಳೆ ಅಕ್ಕ. ಕನ್ನಡಕ ಬದಲಾಯಿಸು ಎಂದೆ.

ಜುಲೈ ೨೨, ಸೋಮವಾರ

ಅಕ್ಕನಿಗೆ ಮೂಗಿನಿಂದ ರಕ್ತ. ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು.

ಜುಲೈ ೨೩, ಮಂಗಳವಾರ

ಅಕ್ಕನ ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ನಿನ್ನೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಫೋನ್ ಮಾಡಿದಳು. "ಮಾಮ, ಬೇಗ ಬನ್ನಿ" ಎಂದಷ್ಟೇ ಹೇಳಿದಳು. ಹೋದರೆ ಹೊಲಿಗೆ ಯಂತ್ರದ ಮೇಲಿದ್ದ ಬಿಳಿ ಅಂಗಿಗಳೆಲ್ಲ ಕೆಂಪಾಗಿದ್ದವು. ಅಕ್ಕ ಮೂಗು ಹಿಡಿದುಕೊಂಡು, ಬಟ್ಟೆ ಹಾಳಾಯಿತು, ಬಟ್ಟೆ ಎತ್ತಿಡಿ ಎನ್ನುತ್ತಿದ್ದಳು. ಬಲಗೈ ಬೆರಳು ಜುಮ್ಮೆನ್ನುತ್ತಿದೆ ಎಂದೂ ಹೇಳಿದಳು.

ಡಾಕ್ಟರಮ್ಮ ಅಳೆದರು. ಇನ್ನೊಂದು ಸಲ ಅಳೆದರು. ಮುಖ ಬಿಗಿದುಕೊಂಡು, "ಮಾತ್ರೆ ನಿಲ್ಲಿಸಿದ್ರಾ?" ಎಂದು ಕೇಳಿದರು.

ಅಕ್ಕ ಛಾವಣಿ ನೋಡಿದಳು. "ಕೆಲಸದ ಗಡಿಬಿಡಿ ಡಾಕ್ಟ್ರೇ. ಮರ್ತುಹೋಯ್ತು."

"ಇನ್ನು ಸ್ವಲ್ಪ ದಿನ ಮರೆತಿದ್ರೆ ಲಕ್ವ ಹೊಡೆದು ಈ ಕೈ ಬಿದ್ದುಹೋಗ್ತಿತ್ತು. ಆಮೇಲೆ ಹೊಲಿಗೆ ಅನ್ನೋದೂ ಮರೆತ ಹಾಗೇ."

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಊರಿನವರ ಪರವಾಗಿಯೆಲ್ಲ ಮಾತಾಡುವವನು ನಾನು. ಬಾಯಿ ತೆರೆಯಲಿಲ್ಲ.

ಹೊರಗೆ ಬಂದ ಮೇಲೆ ಡಾಕ್ಟರಮ್ಮ ನನ್ನದನ್ನೂ ಅಳೆದರು. ನನ್ನದೂ ಬಹಳ ಏರಿದೆಯಂತೆ. ಅವರ ಯಂತ್ರ ಕೆಟ್ಟಿರಬೇಕು.

ಜುಲೈ ೨೫, ಗುರುವಾರ

ನಿನ್ನೆಯಿಂದ ಒಂದೇ ಯೋಚನೆ. ಎರಡು ಗೇಜು ಎರಡು ಮಾತು ಹೇಳುತ್ತಿವೆ. ಅವರ ಯಂತ್ರ ಕೆಟ್ಟಿದ್ದರೆ ಅಕ್ಕನ ಮೂಗಿನ ರಕ್ತ ಎಲ್ಲಿಂದ ಬಂತು? ಇಬ್ಬರ ಜಗಳದಲ್ಲಿ ಮೂರನೆಯ ಸಾಕ್ಷಿ ಬೇಕು. ನಮ್ಮ ಕಸುಬಿನಲ್ಲಿ ಲಂಚ ತಿನ್ನದ ಸಾಕ್ಷಿ ಒಂದೇ, ನೀರು.

ಒಂದು ದೊಡ್ಡ ಬಾಟಲಿಗೆ ಅರ್ಧ ನೀರು ತುಂಬಿ ನೆಲದ ಮೇಲಿಟ್ಟೆ. ಬಿರಡೆಗೆ ಎರಡು ತೂತು ಕೊರೆದೆ. ಒಂದರಿಂದ ತೋಳಿನ ಪಟ್ಟಿಗೆ ಗಾಳಿಯ ಕೊಳವೆ. ಇನ್ನೊಂದರಿಂದ ನೀರಿನೊಳಗೆ ಇಳಿಬಿಟ್ಟ ಪಾರದರ್ಶಕ ಕೊಳವೆ. ಅದನ್ನು ಮೆಟ್ಟಿಲ ಗೋಡೆಗುಂಟ ನೆಟ್ಟಗೆ ಮೇಲಕ್ಕೆ ಎಳೆದು ಮೊಳೆಗಳಿಗೆ ಕಟ್ಟಿದೆ. ಉಂಡೆ ಹಿಸುಕಿದಷ್ಟೂ ಬಾಟಲಿಯ ನೀರು ಗೋಡೆ ಹತ್ತಬೇಕು. ಎಷ್ಟು ಒತ್ತಡವೋ ಅಷ್ಟು ಎತ್ತರ. ಇದರಲ್ಲಿ ತಿರುಗಿಸಲು ಮುಳ್ಳಿಲ್ಲ.

ಮೊದಲು ಮನೆಯಾಕೆ. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ನನ್ನನ್ನು ಬಿಟ್ಟರೆ. ಮೊದಲ ಟಕ್ ಕೇಳಿದಾಗ ನೀರು ಎಲ್ಲಿ ನಿಂತಿತ್ತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಗುರುತು ಸರಿಯಾಗಿ ಅವಳ ನೆತ್ತಿಯ ಮೇಲೆ. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನೆಟ್ಟಗಿರುವ ಮನುಷ್ಯರ ರಕ್ತ ನೀರನ್ನು ಅವರಷ್ಟೇ ಎತ್ತರಕ್ಕೆ ಎತ್ತುತ್ತದೆಯೇ? ಎಂಥ ಪಂಪು ಇದು. ನಿಲ್ಲಿಸುವ ಸ್ವಿಚ್ಚೇ ಇಲ್ಲ.

ಆಮೇಲೆ ನಾನು. ನೀರು ನನ್ನ ಹಣೆ ದಾಟಿತು, ನೆತ್ತಿ ದಾಟಿತು, ಬಾಗಿಲ ಚೌಕಟ್ಟನ್ನೂ ದಾಟಿತು. ಮನೆಯಾಕೆ ಸ್ಟೂಲು ಹತ್ತಿ ಗುರುತು ಹಾಕಬೇಕಾಯಿತು. ನನ್ನ ಸಣ್ಣ ಗೇಜು ಮಾತ್ರ ಅದೇ ಹೊತ್ತಿಗೆ, ನೀನು ಹದಿನೆಂಟರ ಹುಡುಗ ಎನ್ನುತ್ತಿತ್ತು.

"ಅವರ ಯಂತ್ರ ಕೆಟ್ಟಿದೆ ಅಂದ್ರಲ್ಲಾ" ಎಂದಳು, ಸ್ಟೂಲಿನ ಮೇಲಿಂದಲೇ.

ಅಂಗಡಿಗೆ ಹೋಗಿ ದೊಡ್ಡ ಗೇಜಿನ ಮುಂದೆ ಕೂತೆ. ಅದರ ಮೊದಲ ಗೆರೆಗೆ ಮುಳ್ಳು ಬರಬೇಕಾದರೆ ನೀರು ಮೂರು ಮಹಡಿ ಹತ್ತಬೇಕು. ಇದನ್ನು ಗಿರಾಕಿಗಳಿಗೆ ನಾನೇ ದಿನಾ ಹೇಳುತ್ತೇನೆ. ಮನುಷ್ಯನ ಒತ್ತಡ ಬಾಗಿಲ ಎತ್ತರದ್ದು. ಅಂದರೆ ನನ್ನದು, ಅಕ್ಕನದು, ಡಾಕ್ಟರಮ್ಮನದು, ಊರಿನ ಅಷ್ಟೂ ಜನರದ್ದು ಈ ಗೇಜಿನ ಮೊದಲ ಗೆರೆಯ ಕೆಳಗೇ, ತಳದಲ್ಲೇ ಮುಗಿದುಹೋಗುತ್ತದೆ. ತಳದಲ್ಲಿ ಎಲ್ಲಾ ಗೇಜೂ ಸುಳ್ಳು ಹೇಳುತ್ತವೆ. ಹೇಳಿದವನು ನಾನೇ. ಆ ಸುಳ್ಳನ್ನು ನಂಬಿ ನಿಜ ಹೇಳುತ್ತಿದ್ದ ಮುಳ್ಳನ್ನು ತಿರುಗಿಸಿದವನೂ ನಾನೇ.

ಬಾಗಿಲು ಹಾಕಿ ಮನೆಗೆ ಬಂದೆ. ಹಳದಿ ಮಾತ್ರೆ ತೆಗೆದುಕೊಂಡೆ. ನೀರಿನ ಜೊತೆ ಇಳಿಯಿತು.

ಜುಲೈ ೨೬, ಶುಕ್ರವಾರ

ಆಸ್ಪತ್ರೆಗೆ ಹೋದೆ. ಅಕ್ಕ ಎದ್ದು ಕೂತಿದ್ದಳು. ಅವಳ ಮಗಳು ಕಿತ್ತಳೆ ಸುಲಿಯುತ್ತಿದ್ದಳು.

"ಅಕ್ಕ, ನನ್ನ ಗೇಜು ತಪ್ಪಿತ್ತು."

"ಗೇಜು ತಪ್ಪಿತ್ತೋ?"

"ಮುಳ್ಳು ತಿರುಗಿಸಿದ್ದು ನಾನು."

ಮಗಳ ಕೈ ನಿಂತಿತು. "ಮಾಮ, ಅಮ್ಮನ ಕೈ ಹೋಗಿದ್ರೆ ನೀವು ಬಂದು ಹೊಲೀತಿದ್ರಾ?"

ಅಕ್ಕ ಹೊದಿಕೆಯ ಮೇಲೆ ಬಲಗೈ ಬೆರಳುಗಳನ್ನು ಬಿಡಿಸುತ್ತಾ, ಮಡಿಚುತ್ತಾ ಇದ್ದಳು, ಕಾಣದ ದಾರಕ್ಕೆ ಗಂಟು ಹಾಕುವ ಹಾಗೆ. ಹಾಗೇ ಹೇಳಿದಳು, "ಚಿಕ್ಕವನಿದ್ದಾಗ ನೀನು ಶಾಲೆ ಗಡಿಯಾರ ಮುಂದಕ್ಕೆ ತಿರುಗಿಸಿದ್ದೆ, ಬೇಗ ಬಿಡ್ಲಿ ಅಂತ. ಆಗ್ಲೂ ಸೂರ್ಯ ನಿನ್ನ ಮಾತು ಕೇಳ್ಲಿಲ್ಲ."

"ಡಾಕ್ಟ್ರ ಹತ್ರ ಯಾಕೆ ನನ್ನ ಹೆಸರು ಹೇಳ್ಲಿಲ್ಲ ನೀನು?"

"ನುಂಗೋ ಬಾಯಿ ನಂದು ತಾನೇ. ನಿನ್ನ ನಂಬಿದ್ದು ನನ್ನ ಲೆಕ್ಕಕ್ಕಿರ್ಲಿ. ಮುಳ್ಳು ನಿನ್ನ ಲೆಕ್ಕಕ್ಕಿರ್ಲಿ." ಆಮೇಲೆ ಮಗಳ ಕೈಯಿಂದ ಒಂದು ತೊಳೆ ತೆಗೆದು ನನಗೆ ಕೊಟ್ಟಳು.

ಡಾಕ್ಟರಮ್ಮನಿಗೂ ಹೇಳಿದೆ. ಬೈಯಬಹುದು ಎಂದುಕೊಂಡಿದ್ದೆ. ಮೊದಲು ಕೇಳಿದ್ದೇ, "ಇನ್ಯಾರ್ಯಾರಿಗೆ ಅಳೆದಿದೀರಿ?" ಎಂದು. ಬೀದಿಯವರನ್ನೆಲ್ಲ ನೆನೆಸಿಕೊಂಡೆ. "ಇವತ್ತೇ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ. ಇಲ್ಲಿಗೆ ಬಂದು ಅಳೆಸಿಕೊಳ್ಲಿ" ಎಂದರು. ಪಾದದ ಊತದ ವಿಷಯವನ್ನೂ ಹೇಳಿದೆ, ಇನ್ನು ಬಚ್ಚಿಟ್ಟು ಏನಾಗಬೇಕು.

ಪೆನ್ನು ಕೆಳಗಿಟ್ಟು ನೋಡಿದರು. "ಜೂನ್‌ನಲ್ಲಿ ಕೇಳಿದ್ದೆನಲ್ಲ, ಬೇರೆ ತೊಂದರೆ ಇದೆಯಾ ಅಂತ. ಹಳದಿ ಮಾತ್ರೆಯಿಂದ ಕೆಲವರಿಗೆ ಪಾದ ಊದುತ್ತೆ. ಹೇಳಿದ್ರೆ ಬದಲಾಯಿಸ್ತೀವಿ, ಅಷ್ಟೇ." ಬೇರೆ ಬರೆದುಕೊಟ್ಟರು. ಇದು ಗುಲಾಬಿ ಬಣ್ಣ. ತಲೆ ತಿರುಗುತ್ತದೆ ಎಂದು ಅಕ್ಕ ಹೇಳಿದ್ದಕ್ಕೆ ಅವಳ ಮಾತ್ರೆಯ ಹೊತ್ತು ಬದಲಾಯಿಸಿದರು. ಇಷ್ಟಕ್ಕೇ ಮುಗಿಯುತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿದ್ದರೆ. ನಾನು ಬಾಯಿ ಬಿಡದ ಒಂದೇ ಜಾಗ ಆಸ್ಪತ್ರೆಯಾಗಿತ್ತು ಎಂದು ಕಾಣುತ್ತದೆ.

ಬೀದಿಯಲ್ಲಿ ಮನೆಮನೆಗೂ ಹೋಗಿ ಬಂದೆ. ಕೆಲವರು ನಕ್ಕರು. ತೆಳ್ಳನೆಯವನು ಹೆಚ್ಚು ನಕ್ಕ.

ಆಗಸ್ಟ್ ೧೧, ಭಾನುವಾರ

ಅಕ್ಕ ಮನೆಗೆ ಬಂದು ಎರಡು ವಾರವಾಯಿತು. ಬೆರಳಿನ ಜುಮ್ಮು ಹೋಗಿದೆ. ಬೆಳಗ್ಗೆ ನಡೆಯುತ್ತಾ ಅವಳ ಮನೆಗೇ ಹೋಗುತ್ತೇನೆ. ನೀನು ಮೊದಲು, ನೀನು ಮೊದಲು ಎಂದು ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಮಾತ್ರೆ ನುಂಗುತ್ತೇವೆ. ನಾನು ನಾಲಿಗೆ ಕೆಳಗೆ ಅಡಗಿಸಿಟ್ಟಿದ್ದೇನೆಯೇ ಎಂದು ಅವಳು ಬಾಯಿ ತೆರೆಸಿ ಪರೀಕ್ಷೆ ಮಾಡುತ್ತಾಳೆ.

ಭಾನುವಾರ ಅವಳು ನಮ್ಮ ಮೆಟ್ಟಿಲಿಗೆ ಬರುತ್ತಾಳೆ. ಅವಳ ಮೊದಲ ಗುರುತು ಚೌಕಟ್ಟಿನ ಮೇಲಿತ್ತು. ಇವತ್ತು ಚೌಕಟ್ಟಿಗಿಂತ ಕೆಳಗೆ, ಕ್ಯಾಲೆಂಡರಿನ ಮೊಳೆಯ ಹತ್ತಿರ. ನನ್ನದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ. ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಬಾಗಿಲಿಗೆ ಒರಗಿಸಿ ಎತ್ತರದ ಗುರುತು ಹಾಕುತ್ತಿದ್ದರು. ಆಗ ಬೆಳೆಯುವ ಪೈಪೋಟಿ. ಈಗ ಕುಳ್ಳಾಗುವ ಪೈಪೋಟಿ.

ಸೆಪ್ಟೆಂಬರ್ ೩, ಮಂಗಳವಾರ

ಇವತ್ತಿನ ವಿಷಯ ವಿವರವಾಗಿ ಬರೆಯಬೇಕು. ಬಾಟಲಿಗೆ ನೀಲಿ ಬಣ್ಣ ಬೆರೆಸಿದ ನೀರು ತುಂಬಿದ್ದೇನೆ, ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಸಂಜೆ ಅಕ್ಕ, ಅವಳ ಮಗಳು ಬಂದರು. ಮಗಳೇ ಪಟ್ಟಿ ಸುತ್ತಿದಳು, ಅವಳೇ ಕಿವಿಗೊಳವೆ ಹಾಕಿಕೊಂಡಳು. ನನ್ನನ್ನು ಉಂಡೆ ಹಿಸುಕುವುದಕ್ಕೆ ಮಾತ್ರ ಬಿಟ್ಟಿದ್ದಾರೆ. ನನಗೂ ಅದೇ ಇಷ್ಟ, ಕೈ ಹಿಸುಕುತ್ತಿದ್ದರೆ ಕಣ್ಣಿಗೆ ಬಿಡುವು. ನೀರು ಮೇಲೆ ಹೋಗಿ ಮೆಲ್ಲಗೆ ಇಳಿಯಲು ಶುರುವಾಯಿತು. ಚೌಕಟ್ಟು ದಾಟಿತು. ಕ್ಯಾಲೆಂಡರಿನ ಮೊಳೆ ದಾಟಿತು. ಮೊದಲ ಟಕ್ ಕೇಳಿತೆಂದು ಮಗಳು ಇನ್ನೂ ಕೈ ಎತ್ತಿಲ್ಲ. ನನ್ನ ಗುರುತಿನ ಹತ್ತಿರ ಬಂತು, ಅದನ್ನೂ ದಾಟಿತು, ಆಗ ಕೈ ಎತ್ತಿದಳು. ಅಕ್ಕನ ನೀರು ನನ್ನದಕ್ಕಿಂತ ಒಂದು ಬೆರಳು ಕೆಳಗೆ, ಹೆಚ್ಚುಕಡಿಮೆ ಅವಳ ನೆತ್ತಿಯ ಸಮಕ್ಕೆ.

"ಅಂತೂ ನಿನಗಿಂತ ಎತ್ತರ ಆದೆ ನಾನು" ಎಂದೆ.

"ಹೌದು ಬಿಡು" ಎಂದಳು ಅಕ್ಕ. "ಇಷ್ಟು ವರ್ಷ ಕಾದೆ, ಪಾಪ."

ಅಷ್ಟೂ ಹೊತ್ತು ನಾನು ಒಂದು ಮಾತೂ ಆಡಿರಲಿಲ್ಲವಂತೆ. ಮನೆಯಾಕೆ ಇದನ್ನೂ ಗೋಡೆಯ ಮೇಲೆ ಬರೆದಿಡಿ ಎಂದಳು.

ಹಾಗೆಯೇ ಬರೆಯಲು ಮರೆತೆ: ಬೆಳಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು, ಮೂರು ತಿಂಗಳಾಯಿತಲ್ಲ. ನನಗೆ ಎರಡು ಮಾತ್ರೆಯೂ ಹೀಗೇ ಮುಂದುವರಿಯಲಿ ಎಂದರು. ಸರಿ ಎಂದೆ. ಗೋಡೆಯ ಗುರುತುಗಳನ್ನು ನೋಡಲು ಒಂದು ದಿನ ಮನೆಗೆ ಬನ್ನಿ ಎಂದು ಕರೆದೆ, ಬರುತ್ತಾರಂತೆ. ಅಷ್ಟರೊಳಗೆ ಬಾಟಲಿಗೆ ಹೊಸ ಬಿರಡೆ ಹಾಕಬೇಕು, ಹಳೆಯದು ಸ್ವಲ್ಪ ಜಿನುಗುತ್ತಿದೆ.

ಈಗ ಮಲಗಬೇಕು. ಬೆಳಗ್ಗೆ ಬೇಗ ಏಳಬೇಕು. ನನ್ನ ಮಾತ್ರೆಗಳೂ ಅಕ್ಕನ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಇವೆ.